ಬೂಟು ಒಡ್ಡಿ ನಿಂತವರು

ಬೇಸಿಗೆ ಮುಗಿಯುವ ಹೊತ್ತಿಗೆ, ಅದರಲ್ಲೂ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಯ ಆಸುಪಾಸಿನಲ್ಲಿ, ಅಮೆರಿಕದ ಊರುಗಳ ಸಿಗ್ನಲ್‌ಗಳಲ್ಲಿ ಒಂದು ದೃಶ್ಯ ಕಾಣಸಿಗುತ್ತದೆ. ಕೆಂಪು ದೀಪ ಬಿದ್ದು ಕಾರುಗಳು ನಿಂತ ಕೂಡಲೇ ಅವುಗಳ ಸಾಲಿನ ನಡುವೆ ಫೈರ್‌ಮನ್‌ಗಳು ನಡೆದು ಬರುತ್ತಾರೆ. ಕೈಯಲ್ಲಿ ಒಂದೊಂದು ಬೂಟು. ಬೆಂಕಿಯೊಳಗೆ ನುಗ್ಗುವಾಗ ಹಾಕಿಕೊಳ್ಳುವ, ಅದೇ ದಪ್ಪ ಅಟ್ಟೆಯ ಬೂಟು. ಕಿಟಕಿಯ ಗಾಜು ಇಳಿಯುತ್ತದೆ. ಒಂದು ನೋಟೋ ಒಂದು ಹಿಡಿ ಚಿಲ್ಲರೆಯೋ ಬೂಟಿನೊಳಗೆ ಬೀಳುತ್ತದೆ. ಹಸಿರು ದೀಪ ಬಂದಾಗ ಗಾಡಿಗಳು ಹೊರಡುತ್ತವೆ, ಫೈರ್‌ಮನ್‌ಗಳು ಬದಿಗೆ ಸರಿದು ಮುಂದಿನ ಕೆಂಪು ದೀಪಕ್ಕೆ ಕಾಯುತ್ತಾರೆ. ಅಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರಿಗೂ ಇದು ಹೊಸದಲ್ಲ. ‘ಫಿಲ್ ದ ಬೂಟ್’ ಎಂದು ಕರೆಯುವ ಈ ಸಂಗ್ರಹದಿಂದ ಬಂದ ಹಣ ಹೋಗುವುದು ಸ್ನಾಯುಗಳು ಸವೆಯುತ್ತಾ ಹೋಗುವ ಕಾಯಿಲೆಗಳೊಂದಿಗೆ ಹುಟ್ಟಿದ ಮಕ್ಕಳಿಗಾಗಿ.

ಅಂಗವೈಕಲ್ಯವಿರುವ ಮಗುವಿಗೆ ಫೈರ್‌ಮನ್ ಒಬ್ಬ ಹೆಲ್ಮೆಟ್ ತೊಡಿಸಿದ, ಕೆಂಪು ಗಾಡಿಯಲ್ಲಿ ಒಂದು ಸುತ್ತು ಹೊಡೆಸಿದ ಎಂಬಂಥ ಸುದ್ದಿಗಳು ಆಗಾಗ ಬರುತ್ತವೆ. ನೋಡಿದವರ ಮನಸ್ಸು ತುಂಬುತ್ತದೆ, ಮಗುವಿಗೂ ಆ ದಿನ ಹಬ್ಬ. ಆದರೆ ಆ ಒಂದು ದಿನ ಕಳೆದ ಮೇಲೆ ಏನು? ಏಳು ದಶಕಗಳಿಂದ ನಡೆದುಬಂದಿರುವ ಬೂಟಿನ ಕಥೆಯನ್ನು ಹೇಳಬೇಕಾಗಿರುವುದು ಈ ಪ್ರಶ್ನೆಯ ಕಾರಣಕ್ಕೆ.

ಅದು ಶುರುವಾದದ್ದು 1952ರಲ್ಲಿ, ಬಾಸ್ಟನ್ ನಗರದ ಸೌತ್ ಬಾಸ್ಟನ್ ಎಂಬ ಭಾಗದಲ್ಲಿ. ಬಂದರಿನ ಪಕ್ಕದಲ್ಲಿ ಐರಿಷ್ ಮೂಲದ ದುಡಿಯುವ ಜನ ಒತ್ತೊತ್ತಾಗಿ ಬದುಕಿದ್ದ ಬಡಾವಣೆ ಅದು. ಅಲ್ಲಿನ ಒಬ್ಬ ತಂದೆಗೆ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಮಸ್ಕ್ಯುಲರ್ ಡಿಸ್ಟ್ರೋಫಿ. ಆ ತಂದೆ ಹತ್ತಿರದ ಫೈರ್ ಸ್ಟೇಷನ್‌ಗೆ ಹೋಗಿ, ಈ ಕಾಯಿಲೆಯ ವಿರುದ್ಧ ಹಣ ಕೂಡಿಸಲು ನೆರವಾಗುವಿರಾ ಎಂದು ಕೇಳಿದ. ಜಾರ್ಜ್ ಗ್ರೇನಿ ಎಂಬ ಫೈರ್‌ಮನ್ ಆ ಮಾತನ್ನು ಕಿವಿಗೆ ಹಾಕಿಕೊಂಡ. ಜೊತೆಯವರನ್ನು ಕಟ್ಟಿಕೊಂಡು, ಡಬ್ಬಿ ಹಿಡಿದು ಸೌತ್ ಬಾಸ್ಟನ್ನಿನ ಮನೆಮನೆಯ ಬಾಗಿಲು ತಟ್ಟಿದ. ಕೂಡಿದ್ದು 5,000 ಡಾಲರ್. ಆಗಿನ ಸಾಮಾನ್ಯ ಅಮೆರಿಕನ್ ಕುಟುಂಬವೊಂದರ ವರ್ಷದ ಆದಾಯಕ್ಕಿಂತಲೂ ದೊಡ್ಡ ಮೊತ್ತ ಅದು.

ಮಕ್ಕಳ ಕಾಯಿಲೆಗೆ ನೆರವು ಕೇಳಲು ಒಬ್ಬ ತಂದೆ ಆಸ್ಪತ್ರೆಗೋ ಚರ್ಚಿಗೋ ಹೋಗದೆ ಫೈರ್ ಸ್ಟೇಷನ್ನಿಗೆ ಹೋದದ್ದೇಕೆ? ಆ ಬೀದಿಗಳನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು. ಹಗಲು ರಾತ್ರಿ ಆಳಿರುವ, ಯಾರನ್ನೂ ಚೀಟಿ ತಂದಿದ್ದೀರಾ ಎಂದು ಕೇಳದ ಜಾಗ ಫೈರ್ ಸ್ಟೇಷನ್. ಅಲ್ಲಿನವರು ಅಲ್ಲೇ ಅಡುಗೆ ಮಾಡಿಕೊಂಡು ಉಂಡು, ಅಲ್ಲೇ ಮಲಗಿ, ಗಂಟೆ ಬಾರಿಸಿದರೆ ಎದ್ದು ಓಡುವವರು. ಬಡಾವಣೆಯ ಯಾವ ಮನೆಯ ಮೆಟ್ಟಿಲು ಕಿರಿದು, ಯಾವ ಮಹಡಿಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅದೂ ಅಲ್ಲದೆ, ಬಾಸ್ಟನ್ನಿನ ಫೈರ್‌ಮನ್‌ಗಳು ಅದಕ್ಕೆ ಹತ್ತು ವರ್ಷ ಹಿಂದೆ ಒಂದು ಘೋರವನ್ನು ಕಂಡಿದ್ದರು. 1942ರ ನವೆಂಬರ್ 28ರ ರಾತ್ರಿ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತಿದ್ದರು. ಇಂಥ ರಾತ್ರಿಗಳನ್ನು ಕಂಡ ಠಾಣೆಗೆ, ಇಬ್ಬರು ಮಕ್ಕಳನ್ನು ಉಳಿಸಿಕೊಳ್ಳಲು ಬಂದ ತಂದೆಯ ಮಾತು ಪರಕೀಯವಾಗಿ ಕೇಳಿಸಿರಲಾರದು.

ಮಸ್ಕ್ಯುಲರ್ ಡಿಸ್ಟ್ರೋಫಿ ಒಂದೇ ಕಾಯಿಲೆಯಲ್ಲ, ಹಲವು ಕಾಯಿಲೆಗಳ ಗುಂಪು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು, ಹೆಚ್ಚು ಕ್ರೂರವಾದದ್ದು ದುಷೆನ್ ಎಂಬ ಬಗೆ. 19ನೇ ಶತಮಾನದಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವೈದ್ಯ ಗಿಯೋಮ್ ದುಷೆನ್ ಅವರ ಹೆಸರೇ ಅದಕ್ಕೆ ನಿಂತಿದೆ. ಹೆಚ್ಚೂಕಡಿಮೆ ಗಂಡುಮಕ್ಕಳಿಗಷ್ಟೇ ಬರುವ ಈ ಕಾಯಿಲೆ ಸುಮಾರು 3,500ರಿಂದ 5,000 ಗಂಡು ಶಿಶುಗಳಲ್ಲಿ ಒಂದಕ್ಕಿರುತ್ತದೆ. ಹುಟ್ಟಿದಾಗ ಏನೂ ತಿಳಿಯುವುದಿಲ್ಲ. ಮೂರು, ನಾಲ್ಕು ವರ್ಷದ ಹೊತ್ತಿಗೆ ಮಗು ಓಡುವಾಗ ಪದೇಪದೇ ಬೀಳುತ್ತದೆ, ಮೆಟ್ಟಿಲು ಹತ್ತಲು ಕೈಹಿಡಿ ಹುಡುಕುತ್ತದೆ. ನೆಲದಿಂದ ಏಳುವಾಗ ಮೊದಲು ಮೊಣಕಾಲ ಮೇಲೆ, ಆಮೇಲೆ ತೊಡೆಯ ಮೇಲೆ ಕೈಯೂರಿ, ತನ್ನ ಮೈಯನ್ನು ತಾನೇ ಹತ್ತಿದಂತೆ ಎದ್ದು ನಿಲ್ಲುತ್ತದೆ. ವೈದ್ಯರು ಇದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ. ಮೀನಖಂಡ ದಪ್ಪಗೆ, ಗಟ್ಟಿಮುಟ್ಟಾಗಿ ಕಾಣುವುದರಿಂದ ಹೆತ್ತವರಿಗೆ ಮಗ ಬಲಶಾಲಿ ಎಂಬ ಭ್ರಮೆ ಹುಟ್ಟಿರುವುದೂ ಉಂಟು. ಹನ್ನೆರಡರ ಆಸುಪಾಸಿಗೆ ಗಾಲಿಕುರ್ಚಿ ಬರುತ್ತದೆ. ಆಮೇಲೆ ತೋಳು, ಕೊನೆಗೆ ಉಸಿರಾಟದ ಸ್ನಾಯು ಮತ್ತು ಹೃದಯ. 1952ರಲ್ಲಿ ಇದಕ್ಕೆ ಯಾವ ಚಿಕಿತ್ಸೆಯೂ ಇರಲಿಲ್ಲ, ಕಾರಣವೇನೆಂಬುದೇ ಗೊತ್ತಿರಲಿಲ್ಲ. ಹೆಚ್ಚಿನ ಹುಡುಗರು ಇಪ್ಪತ್ತು ದಾಟುತ್ತಿರಲಿಲ್ಲ.

ಬಾಸ್ಟನ್ನಿನ ಡಬ್ಬಿಯ ಸುದ್ದಿ ಬೇರೆ ಊರುಗಳ ಠಾಣೆಗಳಿಗೂ ಹೋಯಿತು. 1954ರಲ್ಲಿ ಅಮೆರಿಕ ಮತ್ತು ಕೆನಡಾದ ಫೈರ್‌ಮನ್‌ಗಳ ಒಕ್ಕೂಟ ಒಂದು ನಿರ್ಣಯ ಅಂಗೀಕರಿಸಿತು. ಒಕ್ಕೂಟದ ಹೆಸರು ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಫೈರ್ ಫೈಟರ್ಸ್. ಸಂಬಳ, ರಜೆ, ಕೆಲಸದ ಅವಧಿಗಳಿಗಾಗಿ ಹೋರಾಡಲು 1918ರಲ್ಲಿ ಹುಟ್ಟಿದ ಕಾರ್ಮಿಕ ಸಂಘ. ಆ ನಿರ್ಣಯಕ್ಕೆ ನಾಲ್ಕು ವರ್ಷ ಹಿಂದೆ, 1950ರಲ್ಲಿ, ರೋಗಿಗಳೂ ಅವರ ಕುಟುಂಬದವರೂ ಸೇರಿ ಕಟ್ಟಿದ್ದ ಮಸ್ಕ್ಯುಲರ್ ಡಿಸ್ಟ್ರೋಫಿ ಅಸೋಸಿಯೇಷನ್ ಅನ್ನು ಫೈರ್‌ಮನ್‌ಗಳು ತಮ್ಮ ಸೇವಾಕಾರ್ಯವಾಗಿ ಆರಿಸಿಕೊಂಡರು. ಎಲ್ಲಿಯವರೆಗೆ? ಕಾಯಿಲೆಗೆ ಮದ್ದು ಸಿಗುವವರೆಗೆ. ಐದು ವರ್ಷದ ಯೋಜನೆಯೆಂದೋ ಇಷ್ಟು ಲಕ್ಷದ ಗುರಿಯೆಂದೋ ಅವರು ಬರೆದುಕೊಳ್ಳಲಿಲ್ಲ. ಆ ದಿನ ಕೈ ಎತ್ತಿದವರ ಮಕ್ಕಳು ಫೈರ್‌ಮನ್‌ಗಳಾಗಿ ನಿವೃತ್ತರಾಗುವಷ್ಟು ಕಾಲ ಕಳೆದರೂ ನಿರ್ಣಯ ಇನ್ನೂ ಚಾಲ್ತಿಯಲ್ಲಿದೆ. ಈವರೆಗೆ ಅವರು ಸಂಗ್ರಹಿಸಿ ಕೊಟ್ಟದ್ದು 60 ಕೋಟಿ ಡಾಲರ್‌ಗೂ ಹೆಚ್ಚು. ಬಹುಪಾಲು ಸಣ್ಣ ನೋಟು, ಚಿಲ್ಲರೆ ಕಾಸುಗಳಿಂದ ಆದ ಮೊತ್ತ ಎಂಬುದನ್ನು ನೆನೆದರೆ ಎಷ್ಟು ಸಿಗ್ನಲ್, ಎಷ್ಟು ಬಿಸಿಲು ಎಂಬ ಅಂದಾಜು ಸಿಕ್ಕೀತು. ದಾರಿ ಸುಗಮವಾಗಿಯೂ ಇರಲಿಲ್ಲ. ರಸ್ತೆಯ ನಡುವೆ ನಿಂತು ಹಣ ಕೇಳಬಾರದೆಂಬ ಕಾನೂನು ಹಲವು ಊರುಗಳಲ್ಲಿ ಅಡ್ಡ ಬಂತು. 2020ರಲ್ಲಿ ಕೊರೊನಾ ಬಂದಾಗ ಬೂಟು ಬೀದಿ ಬಿಟ್ಟು ಇಂಟರ್ನೆಟ್ಟಿಗೆ ಹೋಗಬೇಕಾಯಿತು.

ಹಣಕ್ಕಿಂತ ದೊಡ್ಡದಾಗಿ ಮಕ್ಕಳ ನೆನಪಿನಲ್ಲಿ ಉಳಿಯುವುದು ಆ ಅಸೋಸಿಯೇಷನ್ನಿನ ಬೇಸಿಗೆ ಶಿಬಿರ. 1955ರಲ್ಲಿ ಮೊದಲ ಶಿಬಿರ ನಡೆಯಿತು. ಎಂಟರಿಂದ ಹದಿನೇಳು ವರ್ಷದ ಮಕ್ಕಳು ಸುಮಾರು ಒಂದು ವಾರ ಅಪ್ಪ ಅಮ್ಮನನ್ನು ಬಿಟ್ಟು ಬಂದು ಇರುತ್ತಾರೆ. ಮನೆಯವರು ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಆಸರೆ ಬೇಕಾದ ಒಂದೊಂದು ಮಗುವಿನ ಜೊತೆಗೂ ಒಬ್ಬೊಬ್ಬ ಸ್ವಯಂಸೇವಕ. ಇವರಲ್ಲಿ ಫೈರ್‌ಮನ್‌ಗಳು ದೊಡ್ಡ ಸಂಖ್ಯೆಯಲ್ಲಿ ಇರುತ್ತಾರೆ, ಎಷ್ಟೋ ಜನ ತಮ್ಮ ರಜೆಯನ್ನು ಅದಕ್ಕೆಂದೇ ಎತ್ತಿಟ್ಟುಕೊಂಡು ಬರುತ್ತಾರೆ. ಕೆಲವು ಕಡೆ ಫೈರ್ ಇಂಜಿನ್ನನ್ನೇ ತಂದು, ಪೈಪಿನಿಂದ ನೀರು ಚಿಮ್ಮಿಸಿ, ಗಾಲಿಕುರ್ಚಿಯಲ್ಲಿ ಕೂತ ಮಕ್ಕಳನ್ನು ತೋಯಿಸಿ, ತಾವೂ ಅವರಿಂದ ತೋಯಿಸಿಕೊಳ್ಳುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಮಕ್ಕಳ ದಿನಚರಿ ಎಂಥದೆಂದು ಹತ್ತಿರದಿಂದ ಕಂಡವರಿಗಷ್ಟೇ ಗೊತ್ತು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಕುರ್ಚಿಗೆ ಯಾರಾದರೂ ಎತ್ತಬೇಕು. ರಾತ್ರಿ ಮಗ್ಗುಲು ಬದಲಿಸಲೂ ಅವರಿಗೆ ಆಗುವುದಿಲ್ಲ. ತಾಯಿ ರಾತ್ರಿಯಲ್ಲಿ ಮತ್ತೆ ಮತ್ತೆ ಎದ್ದು ಹೊರಳಿಸುತ್ತಾಳೆ. ಮಗ ಬೆಳೆದಂತೆ ತೂಕ ಏರುತ್ತದೆ, ಅಪ್ಪನ ಸೊಂಟ ಸೋಲುತ್ತದೆ. ಹದಿಮೂರರ ಹುಡುಗನಿಗೆ ತಾಯಿಯ ಕೈಯಿಂದ ಸ್ನಾನ ಮಾಡಿಸಿಕೊಳ್ಳಲು ನಾಚಿಕೆ, ಬೇರೆ ದಾರಿ ಇಲ್ಲ. ಅಂಥ ಹುಡುಗನಿಗೆ, ಮೈಗೆ ನೋವಾಗದಂತೆ ಮನುಷ್ಯರನ್ನು ಎತ್ತುವುದನ್ನೇ ಕಸುಬಾಗಿ ಕಲಿತವನೊಬ್ಬ ಒಂದು ವಾರ ಜೊತೆಗಿರುತ್ತಾನೆ. ಹೊಗೆ ತುಂಬಿದ ಕೋಣೆಯಿಂದ ಜನರನ್ನು ಹೊತ್ತು ತರಲು ಕಲಿತ ವಿದ್ಯೆ ಈಜುಕೊಳಕ್ಕೆ ಹುಡುಗನನ್ನು ಇಳಿಸಲು ಬಳಕೆಯಾಗುತ್ತದೆ. ನೀರಿನಲ್ಲಿ ಮೈ ಹಗುರಾಗುತ್ತದೆ. ನೆಲದ ಮೇಲೆ ನಿಲ್ಲಲಾರದವನು ನೀರಿನಲ್ಲಿ ನಿಲ್ಲುತ್ತಾನೆ. ಅದೇ ವಾರ ಊರಿನಲ್ಲಿ ಅವನ ತಾಯಿ, ವರ್ಷದಲ್ಲಿ ಅಪರೂಪಕ್ಕೆಂಬಂತೆ, ಬೆಳಗಿನವರೆಗೆ ನಿದ್ದೆ ಮಾಡುತ್ತಾಳೆ. ಹೆಲ್ಮೆಟ್ ತೊಡಿಸಿ ಫೋಟೊ ತೆಗೆಸಿಕೊಳ್ಳುವುದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಮಗುವಿಗೆ ಏನು ಬೇಕೆಂದು ಕೇಳಿ, ತಮ್ಮಲ್ಲಿರುವ ಕಸುಬನ್ನೇ ಅದಕ್ಕೆ ಒಗ್ಗಿಸಿದ್ದರಿಂದ ಇದು ಸಾಧ್ಯವಾಯಿತು.

ಈ ಕಥೆಯಲ್ಲಿ ಕಹಿಯೂ ಇದೆ, ಅದನ್ನು ಮುಚ್ಚಿಡಬಾರದು. ಮಸ್ಕ್ಯುಲರ್ ಡಿಸ್ಟ್ರೋಫಿ ಅಸೋಸಿಯೇಷನ್ನಿಗಾಗಿಯೇ ಹಾಸ್ಯನಟ ಜೆರ್ರಿ ಲೂಯಿಸ್ 1966ರಿಂದ 2010ರವರೆಗೆ ಲೇಬರ್ ಡೇ ವಾರಾಂತ್ಯದಲ್ಲಿ ಗಂಟೆಗಟ್ಟಲೆ ನಡೆಯುವ ಟಿವಿ ಕಾರ್ಯಕ್ರಮ ನಡೆಸಿಕೊಟ್ಟರು. ಕೋಟಿಗಟ್ಟಲೆ ಹಣ ಹರಿದು ಬಂತು. ಬೂಟಿನ ಹಣದ ಲೆಕ್ಕ ಒಪ್ಪಿಸಲು ಫೈರ್‌ಮನ್‌ಗಳೂ ಅದೇ ವೇದಿಕೆ ಏರುತ್ತಿದ್ದರು. ಆದರೆ ಮಕ್ಕಳನ್ನು ಮುಂದೆ ಕೂರಿಸಿ ನೋಡುಗರ ಕಣ್ಣಲ್ಲಿ ನೀರು ತರಿಸುವ ಆ ಬಗೆಯನ್ನು ಅಂಗವೈಕಲ್ಯವಿರುವವರೇ ಪ್ರಶ್ನಿಸತೊಡಗಿದರು. ಸ್ನಾಯುಗಳ ಕಾಯಿಲೆಯಿದ್ದ ವಕೀಲ ಇವಾನ್ ಕೆಂಪ್ 1981ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದ ಲೇಖನದಲ್ಲಿ, ನಮಗೆ ಕನಿಕರ ಬೇಡ ಎಂಬ ವಾದವನ್ನು ನೇರವಾಗಿ ಇಟ್ಟರು. ಅವರ ತಂದೆತಾಯಿಯೇ ಆ ಸಂಸ್ಥೆಯನ್ನು ಕಟ್ಟಲು ನೆರವಾದವರು ಎಂಬುದು ಅವರ ಮಾತಿಗೆ ಇನ್ನಷ್ಟು ತೂಕ ಕೊಟ್ಟಿತು. ಎಳವೆಯಲ್ಲಿ ಸಂಸ್ಥೆಯ ಪೋಸ್ಟರಿನ ಮಗುವಾಗಿದ್ದ ಲೇಖಕ ಮೈಕ್ ಎರ್ವಿನ್ 1990ರ ದಶಕದಲ್ಲಿ ‘ಜೆರ್ರೀಸ್ ಆರ್ಫನ್ಸ್’ ಎಂಬ ಗುಂಪಿನೊಂದಿಗೆ ಬೀದಿಗಿಳಿದರು. ಅವರ ಆಕ್ಷೇಪ ಸರಳವಾಗಿತ್ತು. ಪಾಪ ಎಂದು ಕಣ್ಣೊರೆಸಿಕೊಂಡು ಹಣ ಕಳಿಸಿದ ಮನುಷ್ಯ, ಮರುದಿನ ತನ್ನ ಆಫೀಸಿನಲ್ಲಿ ಗಾಲಿಕುರ್ಚಿಯವನಿಗೆ ಕೆಲಸ ಕೊಡಲು ಹಿಂಜರಿಯುತ್ತಾನೆ. ಟಿವಿ ಅವನಿಗೆ ಕಲಿಸಿದ್ದು ಇವರು ಏನೂ ಮಾಡಲಾರರು ಎಂದು. 1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಬುಷ್ ಅಂಗವೈಕಲ್ಯವಿರುವವರ ಹಕ್ಕುಗಳ ಕಾನೂನಿಗೆ ಶ್ವೇತಭವನದ ಹುಲ್ಲುಹಾಸಿನ ಮೇಲೆ ಸಹಿ ಹಾಕಿದಾಗ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದವರಲ್ಲಿ ಒಬ್ಬರು ಇದೇ ಇವಾನ್ ಕೆಂಪ್.

ಫೈರ್‌ಮನ್‌ಗಳ ಬೂಟಿಗೂ ಈ ಪ್ರಶ್ನೆ ತಾಗುತ್ತದೆ. ರಸ್ತೆಯಲ್ಲಿ ಒಡ್ಡಿದ ಬೂಟು ಕನಿಕರವನ್ನು ಕೇಳುತ್ತಿಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಆದರೂ ಟಿವಿ ಕಾರ್ಯಕ್ರಮ 2015ರ ಹೊತ್ತಿಗೆ ನಿಂತೇಹೋಯಿತು, ಬೂಟು ಉಳಿಯಿತು. ಬೀದಿಯಲ್ಲಿ ನಿಂತ ಫೈರ್‌ಮನ್‌ಗೆ ಆ ಹುಡುಗನ ಗುರುತಿದೆ, ಶಿಬಿರದಲ್ಲಿ ಅವನ ಜೊತೆ ಇಸ್ಪೀಟು ಆಡಿ ಸೋತಿದ್ದಾನೆ, ಅವನ ಸಿಟ್ಟು ಸೆಡವುಗಳನ್ನೂ ಕಂಡಿದ್ದಾನೆ. ಇಷ್ಟು ಬಳಕೆಯಾದ ಮೇಲೆ ಒಬ್ಬರನ್ನು ಬರೀ ‘ಪಾಪದ ಮಗು’ ಎಂದು ನೋಡುವುದು ಕಷ್ಟ. ಬೂಟು ಉಳಿದದ್ದಕ್ಕೆ ಕಾರಣ ಈ ಒಡನಾಟವೇ ಎಂಬುದು ಈ ಲೇಖಕನ ನಂಬಿಕೆ.

ಹಣ ಎಲ್ಲಿಗೆ ಹೋಯಿತು ಎಂಬುದಕ್ಕೆ ಬಾಸ್ಟನ್ನಿನಲ್ಲೇ ಒಂದು ಉತ್ತರವಿದೆ. ಸೌತ್ ಬಾಸ್ಟನ್ನಿನಿಂದ ಕೆಲವೇ ಮೈಲು ದೂರದ ಮಕ್ಕಳ ಆಸ್ಪತ್ರೆಯಲ್ಲಿ, ಇದೇ ಸಂಸ್ಥೆಯ ಅನುದಾನದಿಂದ ಸಂಶೋಧನೆ ನಡೆಸಿದ ಲೂಯಿಸ್ ಕುಂಕೆಲ್ ಅವರ ತಂಡ 1986ರಲ್ಲಿ ದುಷೆನ್ ಕಾಯಿಲೆಯ ಜೀನನ್ನು ಗುರುತಿಸಿತು. ಮರುವರ್ಷ ಆ ಜೀನ್ ತಯಾರಿಸಬೇಕಾದ ಪ್ರೋಟೀನ್ ಪತ್ತೆಯಾಯಿತು. ಡಿಸ್ಟ್ರೋಫಿನ್ ಎಂದು ಹೆಸರಿಟ್ಟರು. ಗೋಡೆಯ ಕಲ್ಲುಗಳನ್ನು ಗಾರೆ ಹಿಡಿದಿಟ್ಟಂತೆ ಅದು ಸ್ನಾಯುಕೋಶದ ಹೊರಪದರವನ್ನು ಹಿಡಿದಿಡುತ್ತದೆ. ಅದಿಲ್ಲದಿದ್ದರೆ ಪ್ರತಿ ಚಲನೆಯಲ್ಲೂ ಕೋಶ ಒಂದಿಷ್ಟು ಹರಿಯುತ್ತದೆ, ಕ್ರಮೇಣ ಸ್ನಾಯುವಿದ್ದ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಡಿಸ್ಟ್ರೋಫಿನ್ ಜೀನ್ ಮನುಷ್ಯನ ಜೀನ್‌ಗಳಲ್ಲೆಲ್ಲ ಅತಿ ಉದ್ದದವುಗಳಲ್ಲಿ ಒಂದು, 79 ತುಂಡುಗಳದ್ದು. ಎಲ್ಲಿ ಬೇಕಾದರೂ ತಪ್ಪು ನುಸುಳಬಹುದು, ಆದ್ದರಿಂದಲೇ ಒಬ್ಬ ಹುಡುಗನಿಗೆ ಒಗ್ಗುವ ಔಷಧಿ ಇನ್ನೊಬ್ಬನಿಗೆ ಒಗ್ಗುವುದಿಲ್ಲ. 2016ರಲ್ಲಿ ದುಷೆನ್‌ಗೆಂದು ಅಮೆರಿಕದಲ್ಲಿ ಅನುಮತಿ ಪಡೆದ ಎಟೆಪ್ಲಿರ್ಸೆನ್ ನೂರರಲ್ಲಿ ಹದಿಮೂರು ಮಕ್ಕಳಿಗಷ್ಟೇ ಹೊಂದುವಂಥದ್ದು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆನ್ನುಹುರಿಯ ನರಗಳ ಕಾಯಿಲೆಯಾದ ಎಸ್‌ಎಂಎಗೆ ಮೊದಲ ಔಷಧಿ ಬಂತು. 2023ರಲ್ಲಿ ದುಷೆನ್‌ಗೆ ಜೀನ್ ಚಿಕಿತ್ಸೆಯೂ ಬಂತು. ಚಿಕಿತ್ಸೆ ಪಡೆದ ಕೆಲವರು ಯಕೃತ್ತು ಕೈಕೊಟ್ಟು ಸತ್ತಿದ್ದರಿಂದ 2025ರಲ್ಲಿ ಅದಕ್ಕೆ ಮಿತಿ ಬಿತ್ತು. ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಸ್ಟಿರಾಯ್ಡ್, ಹೃದಯದ ಆರೈಕೆ, ಉಸಿರಾಟದ ಯಂತ್ರಗಳಿಂದ ದುಷೆನ್ ಹುಡುಗರು ಈಗ ಮೂವತ್ತು ದಾಟಿ ಬದುಕುತ್ತಿದ್ದಾರೆ, ಕಾಲೇಜಿಗೆ ಹೋಗುತ್ತಿದ್ದಾರೆ, ಕೆಲಸ ಮಾಡುತ್ತಿದ್ದಾರೆ.

ಎಸ್‌ಎಂಎ ಎಂದ ಕೂಡಲೇ ನಮ್ಮ ಓದುಗರಿಗೆ 16 ಕೋಟಿ ರೂಪಾಯಿಯ ಚುಚ್ಚುಮದ್ದು ನೆನಪಾಗಬಹುದು. 2019ರಲ್ಲಿ ಅಮೆರಿಕದಲ್ಲಿ 21 ಲಕ್ಷ ಡಾಲರ್ ಬೆಲೆಯೊಂದಿಗೆ ಬಂದ ಜೋಲ್ಜೆನ್ಸ್ಮಾ ಅದು. ಬೆಂಗಳೂರು ಸೇರಿದಂತೆ ನಮ್ಮ ಊರುಗಳ ಎಷ್ಟೋ ಅಪ್ಪ ಅಮ್ಮಂದಿರು ಮೊಬೈಲಿನಲ್ಲಿ ಜನರ ಮುಂದೆ ಕೈಯೊಡ್ಡಿ ಅದಕ್ಕಾಗಿ ಹಣ ಕೂಡಿಸಿದ್ದಾರೆ. ಇಲ್ಲಿ ಬೂಟು ಹಿಡಿಯುವವರೂ ತಾವೇ, ಮಗುವನ್ನು ಎತ್ತುವವರೂ ತಾವೇ. ಬೆಂಗಳೂರಿನಲ್ಲೇ ದುಷೆನ್ ಮಕ್ಕಳ ಹೆತ್ತವರು ಡಿಸ್ಟ್ರೋಫಿ ಅನಿಹಿಲೇಷನ್ ರಿಸರ್ಚ್ ಟ್ರಸ್ಟ್ ಎಂಬ ಸಂಸ್ಥೆ ಕಟ್ಟಿ, ಪ್ರಯೋಗಾಲಯವನ್ನೇ ನಡೆಸುತ್ತಿದ್ದಾರೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶವಿದೆ, ಅದಕ್ಕೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಜಂಟಿಯಾಗಿ ಒಂದು. ಜೀವನಪೂರ್ತಿ ನಡೆಯಬೇಕಾದ ಚಿಕಿತ್ಸೆಗೆ ಈ ಮೊತ್ತ ಎಷ್ಟು ದಿನ ಬಂದೀತು ಎಂಬ ಚಿಂತೆ ಹೆತ್ತವರದು.

ಫೈರ್‌ಮನ್‌ಗಳ ಅಂತಃಕರಣ ಯಾವಾಗಲೂ ನಿರ್ಣಯ, ಲೆಕ್ಕಪತ್ರಗಳ ರೂಪದಲ್ಲೇ ಬರಬೇಕೆಂದೇನೂ ಇಲ್ಲ. 1981ರಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ರಕ್ತ ಕ್ಯಾನ್ಸರ್ ಆಗಿದ್ದ ಏಳು ವರ್ಷದ ಹುಡುಗನೊಬ್ಬನಿಗೆ ಮೂರು ಆಸೆಗಳಿದ್ದವು: ಫೈರ್‌ಮನ್ ಆಗಬೇಕು, ಡಿಸ್ನಿಲ್ಯಾಂಡ್ ನೋಡಬೇಕು, ಬಿಸಿಗಾಳಿಯ ಬಲೂನಿನಲ್ಲಿ ಹಾರಬೇಕು. ಕಾಯಿಲೆಯ ಮಕ್ಕಳ ಆಸೆ ಈಡೇರಿಸಲು ಆಗ ತಾನೇ ಹುಟ್ಟಿದ್ದ ಮೇಕ್-ಎ-ವಿಷ್ ಸಂಸ್ಥೆ ಕೈಗೆತ್ತಿಕೊಂಡ ಮೊದಲ ಮಗು ಆತ. ಒಂಬತ್ತನೇ ಸಂಖ್ಯೆಯ ಇಂಜಿನ್ನಿನ ಸಿಬ್ಬಂದಿ ಅವನ ಅಳತೆಗೆ ಸಮವಸ್ತ್ರ ತೊಡಿಸಿ, ನಗರದ ಮೊದಲ ಗೌರವ ಫೈರ್‌ಮನ್ ಎಂದು ಸೇರಿಸಿಕೊಂಡರು. ಡಿಸ್ನಿಲ್ಯಾಂಡಿನಿಂದ ಮರಳಿದ ಮೇಲೆ ಹುಡುಗ ಮತ್ತೆ ಆಸ್ಪತ್ರೆ ಸೇರಿದ. ಫೈರ್‌ಮನ್‌ಗಳು ಭೇಟಿಗೆ ಬಂದದ್ದು ಬಾಗಿಲಿನಿಂದಲ್ಲ. ಗಾಡಿಯ ಏಣಿಯನ್ನು ಮೂರನೇ ಮಹಡಿಗೆ ಚಾಚಿ, ಕಿಟಕಿಯಿಂದ ಒಬ್ಬೊಬ್ಬರಾಗಿ ಒಳಗಿಳಿದರು. ಫೈರ್‌ಮನ್ ಆದವನ ಕೋಣೆಗೆ ಫೈರ್‌ಮನ್‌ಗಳು ಹೇಗೆ ಬರಬೇಕೋ ಹಾಗೆ. ಹುಡುಗ ಬದುಕಲಿಲ್ಲ. ಆ ಭೇಟಿಯಿಂದ ಯಾವ ಔಷಧಿಯೂ ಹುಟ್ಟಲಿಲ್ಲ, ಹುಟ್ಟಬೇಕಾಗಿಯೂ ಇರಲಿಲ್ಲ. ಅವನನ್ನು ರೋಗಿಯೆಂದು ಕಾಣದೆ ತಮ್ಮವನೆಂದೇ ಕಂಡರಲ್ಲ, ಆ ನೋಟಕ್ಕೆ ಅದರದ್ದೇ ಬೆಲೆಯಿದೆ.

ಕೆಲವು ಮಕ್ಕಳ ವಿಷಯದಲ್ಲಿ ಅಕ್ಕರೆಯ ಜೊತೆಗೆ ತಿಳಿವಳಿಕೆಯೂ ಇರದಿದ್ದರೆ ಜೀವಕ್ಕೇ ಅಪಾಯ. ಹೊಗೆಯೊಳಗೆ ಹೋಗುವ ಫೈರ್‌ಮನ್ ಮುಖಕ್ಕೆ ಗಾಜಿನ ಮುಸುಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಹಾಕಿಕೊಂಡಿರುತ್ತಾನೆ. ಪ್ರತಿ ಉಸಿರಿಗೂ ಆ ಉಪಕರಣ ಒರಟಾದ ಸದ್ದು ಮಾಡುತ್ತದೆ. ಕತ್ತಲಲ್ಲಿ ಇಂಥ ರೂಪ ಕಂಡರೆ ಯಾವ ಮಗುವೂ ಹೆದರೀತು. ಆಟಿಸಂ ಇರುವ ಮಗು ಮಂಚದ ಕೆಳಗೋ ಬೀರುವಿನೊಳಗೋ ಅಡಗಿ, ಕರೆದರೂ ಓಗೊಡದೆ ಕೂತುಬಿಡಬಹುದು. ಸೈರನ್ನಿನ ಅರಚು, ತಿರುಗುವ ಕೆಂಪು ದೀಪ, ಅಪರಿಚಿತರ ಕೈ, ಇವೆಲ್ಲ ಒಮ್ಮೆಲೇ ಎರಗಿದಾಗ ಆ ಮಗು ಹೊರಗೆ ಎಳೆದು ತಂದವರಿಂದಲೇ ತಪ್ಪಿಸಿಕೊಂಡು ಮತ್ತೆ ಒಳಗೆ ಓಡಲೂಬಹುದು. ಆದ್ದರಿಂದ ಅಮೆರಿಕದ ಹಲವು ಠಾಣೆಗಳು ಮಕ್ಕಳ ಮುಂದೆ ನಿಧಾನವಾಗಿ ಒಂದೊಂದೇ ಉಡುಪು ತೊಟ್ಟು ತೋರಿಸುತ್ತವೆ. ಮೊದಲು ಪ್ಯಾಂಟು, ಆಮೇಲೆ ಕೋಟು, ಹೆಲ್ಮೆಟ್, ಕೊನೆಗೆ ಮುಸುಕು. ಮುಸುಕಿನ ಹಿಂದೆ ಇರುವುದು ಈಗಷ್ಟೇ ನಗುತ್ತಾ ಹೆಸರು ಕೇಳಿದ ಅದೇ ಮನುಷ್ಯ ಎಂದು ಮಗುವಿಗೆ ಮನವರಿಕೆಯಾಗುವವರೆಗೆ. ಕೆಲವು ಗಾಡಿಗಳಲ್ಲಿ ಸದ್ದು ತಡೆಯುವ ಹೆಡ್‌ಫೋನ್, ಮಾತಾಡದ ಮಕ್ಕಳಿಗೆ ತೋರಿಸಲು ಚಿತ್ರಗಳ ಹಾಳೆ ಇಟ್ಟುಕೊಂಡಿರುತ್ತಾರೆ. ಇಂಥವಕ್ಕೆ ಖರ್ಚು ಅಷ್ಟೇನೂ ಇಲ್ಲ. ಬೇಕಾಗಿರುವುದು ಬೆಂಕಿ ಬೀಳುವ ಮೊದಲೇ ಆ ಮಗುವಿನ ಪರಿಚಯ ಮಾಡಿಕೊಳ್ಳುವ ವ್ಯವಧಾನ.

ಮಾತು ತಲುಪದ ಮಗುವನ್ನು ಉಳಿಸಿದ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2022ರ ಜೂನ್ 10ರಂದು ಛತ್ತೀಸಗಢದ ಜಾಂಜಗೀರ್-ಚಾಂಪಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಿವಿ ಕೇಳದ, ಮಾತು ಬಾರದ ಹುಡುಗ ಮನೆಯ ಹಿತ್ತಲಿನ ತೆರೆದ ಕೊಳವೆಬಾವಿಗೆ ಬಿದ್ದ. ಅರವತ್ತು ಅಡಿಗೂ ಹೆಚ್ಚು ಆಳ. ಇಂಥ ಕಾರ್ಯಾಚರಣೆಯಲ್ಲಿ ಸಾಮಾನ್ಯವಾಗಿ ಮೇಲಿನಿಂದ ಮಗುವನ್ನು ಮಾತಾಡಿಸುತ್ತಾ ಇರುತ್ತಾರೆ. ಅಮ್ಮನ ದನಿ ಕೇಳಿಸಿದರೆ ಮಗು ಧೈರ್ಯ ಹಿಡಿಯುತ್ತದೆ, ಹಗ್ಗ ಹಿಡಿ ಎಂದರೆ ಹಿಡಿಯುತ್ತದೆ. ಇಲ್ಲಿ ಆ ದಾರಿಯೇ ಇರಲಿಲ್ಲ. ಕ್ಯಾಮೆರಾ ಇಳಿಸಿ ಅವನ ಚಲನೆ ನೋಡುತ್ತಾ, ಹಗ್ಗದಲ್ಲಿ ಬಾಳೆಹಣ್ಣು, ಜ್ಯೂಸ್ ಇಳಿಸುತ್ತಾ, ಅವನು ತಿಂದನೆಂದರೆ ಬದುಕಿದ್ದಾನೆ ಎಂದು ಲೆಕ್ಕ ಹಾಕುತ್ತಾ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಸೇನೆ, ಪೊಲೀಸರು ಸೇರಿ ಐನೂರಕ್ಕೂ ಹೆಚ್ಚು ಜನ ಪಕ್ಕದಲ್ಲಿ ಹೊಂಡ ತೋಡಿದರು. ಅಡ್ಡಕ್ಕೆ ಸುರಂಗ ಕೊರೆಯುವಾಗ ಗಟ್ಟಿ ಬಂಡೆ ಎದುರಾಯಿತು. ಬಾವಿಯೊಳಗೆ ನೀರು ಜಿನುಗುತ್ತಿತ್ತು. ಮೇಲಿನಿಂದ ಬಿಟ್ಟ ಪಾತ್ರೆಗೆ ಹುಡುಗನೇ ನೀರು ತುಂಬಿ ಕೊಡುತ್ತಿದ್ದ. ಅವನ ಬಳಿ ಒಂದು ಹಾವು, ಒಂದು ಕಪ್ಪೆ ಇದ್ದದ್ದೂ ಕಂಡಿತು. ಸುಮಾರು 104 ಗಂಟೆಗಳ ಬಳಿಕ, ಜೂನ್ 14ರ ರಾತ್ರಿ, ಅವನನ್ನು ಜೀವಂತವಾಗಿ ಮೇಲೆ ತಂದರು. ಕೇಳಿಸದ, ಮಾತಾಡದ ಆ ಹುಡುಗ ತನ್ನನ್ನು ಉಳಿಸುವ ಕೆಲಸದಲ್ಲಿ ತಾನೂ ಪಾಲುದಾರನಾಗಿದ್ದ ಎಂಬುದನ್ನು ಸುದ್ದಿ ಓದಿದವರು ಮರೆಯಬಾರದು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಕಾನೂನಿನ ನೆಲೆ ಈಗಾಗಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೇಶಕ್ಕೆಲ್ಲ ಅನ್ವಯಿಸುವಂಥದ್ದು. ಅದು ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಆಟಿಸಮ್ಮೂ ಸೇರಿವೆ. ಅದರ 8ನೇ ಸೆಕ್ಷನ್ ವಿಪತ್ತಿನ ವೇಳೆಯ ರಕ್ಷಣೆಯ ಬಗ್ಗೆ ಹೇಳುತ್ತದೆ. ಜಿಲ್ಲೆಯಲ್ಲಿರುವ ಅಂಗವಿಕಲರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ದಾಖಲಿಸಿಟ್ಟುಕೊಳ್ಳಬೇಕು, ಅಪಾಯದ ಸೂಚನೆ ಅವರಿಗೆ ತಲುಪುವಂತೆ ನೋಡಿಕೊಳ್ಳಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆ ದಾಖಲೆ ಅಗ್ನಿಶಾಮಕ ಠಾಣೆಯ ಮೇಜಿನ ಮೇಲೂ ಇದ್ದರೆ, ಕರೆ ಬಂದಾಗ ಹೊರಡುವ ಗಾಡಿಯಲ್ಲಿ ಇರುವವರಿಗೆ ಮೂರನೇ ಮಹಡಿಯಲ್ಲಿ ಗಾಲಿಕುರ್ಚಿಯ ಹುಡುಗನಿದ್ದಾನೆ, ಲಿಫ್ಟು ನಿಂತಿರುತ್ತದೆ ಎಂದು ದಾರಿಯಲ್ಲೇ ಗೊತ್ತಾಗುತ್ತದೆ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವೂ ಇಂಥ ಪಟ್ಟಿಯನ್ನು ಕಾವಲುಗಾರನ ಕೋಣೆಯಲ್ಲಿ ಇಡಬಹುದು. ಅದಕ್ಕೆ ಯಾವ ಸುತ್ತೋಲೆಗೂ ಕಾಯಬೇಕಾಗಿಲ್ಲ.

ಮಕ್ಕಳಿಗೂ ಫೈರ್‌ಮನ್‌ಗಳಿಗೂ ಪರಿಚಯ ಮಾಡಿಸಲು ಒಳ್ಳೆಯ ಹೊತ್ತೆಂದರೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದೆಲ್ಲೆಡೆ ಠಾಣೆಗಳು ಜನರಿಗೆ ಪ್ರಾತ್ಯಕ್ಷಿಕೆ ನೀಡುತ್ತವೆ. ನಮ್ಮಲ್ಲಿ ಒಂದು ತೊಡಕಿದೆ: ಅಷ್ಟರಲ್ಲಿ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿರುತ್ತದೆ, ವಿಶೇಷ ಶಾಲೆಗಳ ಮಕ್ಕಳು ಮನೆಗಳಿಗೆ ಹೋಗಿರುತ್ತಾರೆ. ಶಿಕ್ಷಕರು ಬಸ್ಸಿನಲ್ಲಿ ಕರೆತರಲು ಆಗದ ಆ ವಾರದಲ್ಲಿ ಹೆತ್ತವರೇ ಮಗುವನ್ನು ಹತ್ತಿರದ ಠಾಣೆಗೆ ಕರೆದೊಯ್ಯಬಹುದು. ಠಾಣಾಧಿಕಾರಿಗೆ ಮೊದಲೇ ಫೋನು ಮಾಡಿ, ಮಗುವಿಗೆ ಸದ್ದು ಆಗುವುದಿಲ್ಲ, ಸೈರನ್ ಹಾಕಬೇಡಿ ಸರ್ ಎಂದು ಹೇಳಿಕೊಂಡರೆ ಬೇಡವೆನ್ನುವವರು ಕಡಿಮೆ. ಹೋದಾಗ ಕೇಳಬೇಕಾದದ್ದು ಇಷ್ಟು: ಉಸಿರಾಟದ ಮುಸುಕನ್ನು ಮಗುವಿನ ಎದುರಿಗೇ ಹಾಕಿ ತೆಗೆದು ತೋರಿಸಿ, ಗಾಲಿಕುರ್ಚಿಯ ಮಗುವನ್ನು ಮೆಟ್ಟಿಲಲ್ಲಿ ಇಬ್ಬರು ಸೇರಿ ಇಳಿಸುವುದು ಹೇಗೆಂದು ನಮಗೂ ಕಲಿಸಿ, ನಮ್ಮ ಮನೆಯ ವಿಳಾಸ, ಮಗು ಮಲಗುವ ಕೋಣೆ, ಮಾತಾಡುತ್ತದೋ ಇಲ್ಲವೋ ಎಂಬುದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ತುರ್ತು ಕರೆಗೆ 112, ಅಗ್ನಿಶಾಮಕ ದಳಕ್ಕೆ ಹಳೆಯ 101. ಮಾತಾಡಬಲ್ಲ ಮಕ್ಕಳಿಗೆ ಈ ಅಂಕಿಗಳನ್ನೂ ಮನೆಯ ವಿಳಾಸವನ್ನೂ ಅದೇ ದಿನ, ಫೈರ್‌ಮನ್ ಅಂಕಲ್ ಎದುರಿಗೇ ಬಾಯಿಪಾಠ ಮಾಡಿಸಬಹುದು.